ಮೊದಲು ನಾಲ್ಕು ತಾಲ್ಲೂಕು, ಆಮೇಲೆ ನಾಡೆಲ್ಲ

‘ಸರ್ವರ್ ಇಲ್ರೀ, ನಾಳೆ ಬರ್ರಿ.’

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಹೀಗೆ ಹಾವೇರಿ ಜಿಲ್ಲೆಯ ಯಾವ ತಾಲ್ಲೂಕಿಗೆ ಹೋದರೂ ನಾಡಕಚೇರಿಯ ಕಿಟಕಿಯಲ್ಲೋ ಗ್ರಾಮ ಒನ್ ಕೇಂದ್ರದಲ್ಲೋ ಈ ಮಾತು ಕೇಳದವರು ವಿರಳ. ಹೇಳುವವರೂ ಬೇಸರದಿಂದಲೇ ಹೇಳುತ್ತಾರೆ. ಕೇಳಿದವರು ಉತಾರ (ಪಹಣಿ), ಆಧಾರ್ ಕಾರ್ಡುಗಳನ್ನು ಮತ್ತೆ ಕೈಚೀಲಕ್ಕೆ ತುರುಕಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆ. ಸರ್ವರ್ ನಿಜಕ್ಕೂ ಕೆಟ್ಟಿರಬಹುದು, ನೆಟ್‌ವರ್ಕ್ ಸಿಗದಿರಬಹುದು, ಕರೆಂಟ್ ಹೋಗಿರಬಹುದು. ಕೆಲವೊಮ್ಮೆ ಮಾತ್ರ ಕಾರಣ ಬೇರೆಯೇ ಇರುತ್ತದೆ. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಯಾರೋ ಸಾಫ್ಟ್‌ವೇರ್ ಬದಲಾಯಿಸಿ ಮನೆಗೆ ಹೋಗಿರುತ್ತಾರೆ.

ಬದಲಾಯಿಸಿದ್ದೇ ತಪ್ಪು ಎನ್ನುವಂತಿಲ್ಲ. ಮುದ್ರಾಂಕ ಶುಲ್ಕದ ದರ ಬದಲಾದರೆ ಅದನ್ನು ಲೆಕ್ಕ ಹಾಕುವ ಸಾಫ್ಟ್‌ವೇರೂ ಬದಲಾಗಬೇಕು. ಹಿರೇಕೆರೂರಿನಿಂದ ರಟ್ಟೀಹಳ್ಳಿ ಬೇರೆ ತಾಲ್ಲೂಕಾದರೆ ಹಳ್ಳಿಗಳ ಪಟ್ಟಿಯೂ ಎರಡಾಗಬೇಕು. ಕಳ್ಳರು ನುಸುಳುವ ಕಿಂಡಿ ಕಂಡರೆ ಅಂದೇ ಮುಚ್ಚಬೇಕು. ಬದಲಾವಣೆ ಬೇಗ ಜನರಿಗೆ ಮುಟ್ಟಬೇಕು, ಮುಟ್ಟುವಾಗ ಯಾರ ಕೆಲಸವೂ ನಿಲ್ಲಬಾರದು. ಇವೆರಡೂ ಒಟ್ಟಿಗೆ ಆಗುತ್ತವೆಯೇ ಎಂದರೆ, ಆಗುತ್ತವೆ. ಉದಾಹರಣೆಗಾಗಿ ಕ್ಯಾಲಿಫೋರ್ನಿಯಾದವರೆಗೆ ಹೋಗುವುದೂ ಬೇಡ. ನಮ್ಮ ಕಂದಾಯ ಇಲಾಖೆಯೇ ಕಾಲು ಶತಮಾನದ ಹಿಂದೆ ಇದನ್ನು ಮಾಡಿ ತೋರಿಸಿದೆ.

ಭೂಮಿ ಹೇಳಿಕೊಟ್ಟದ್ದು

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಯ ಗಾತ್ರ ನೆನಪಿಸಿಕೊಳ್ಳಿ. ಸುಮಾರು 67 ಲಕ್ಷ ಹಿಡುವಳಿದಾರರ ಹತ್ತಿರ ಹತ್ತಿರ 2 ಕೋಟಿ ದಾಖಲೆಗಳು ಅಲ್ಲಿಯವರೆಗೆ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಒಂದು ಗುಂಟೆ ಹೆಚ್ಚುಕಡಿಮೆಯಾದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ದಾಖಲೆ ಇದು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನಿಂದ ನಡೆದ ಈ ಕೆಲಸಕ್ಕೆ ಒಂದೇ ದಿನ ನಾಡಿನಾದ್ಯಂತ ಬಾಗಿಲು ತೆರೆಯಲಿಲ್ಲ. ಮೊದಲು ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿದರು. ಅಲ್ಲಿ ಕಂಡ ತೊಡಕುಗಳನ್ನು ತಿದ್ದಿದ ಮೇಲೆ 27 ಜಿಲ್ಲೆಗಳಿಗೂ ಜಿಲ್ಲೆಗೊಂದು ತಾಲ್ಲೂಕಿನಂತೆ ವಿಸ್ತರಿಸಿದರು. 1997ರಲ್ಲಿ ಧಾರವಾಡದಿಂದ ಬೇರೆಯಾಗಿದ್ದ ಹಾವೇರಿಯೂ ಆ 27ರಲ್ಲಿ ಒಂದು. ಕೊನೆಗೆ 177 ತಾಲ್ಲೂಕುಗಳಿಗೂ ಹರಡಿತು.

ಇದರಲ್ಲಿ ಇನ್ನೊಂದು ಜಾಣತನವಿದೆ, ಅದನ್ನು ಯಾರೂ ಅಷ್ಟಾಗಿ ಹೊಗಳುವುದಿಲ್ಲ. ಕೈಬರಹದ ಪಹಣಿ ಇನ್ನು ಊರ್ಜಿತವಲ್ಲ ಎಂಬ ಆದೇಶವೂ ಒಮ್ಮೆಗೇ ಬರಲಿಲ್ಲ. ಯಾವ ತಾಲ್ಲೂಕಿನಲ್ಲಿ ಕಂಪ್ಯೂಟರ್ ವ್ಯವಸ್ಥೆ ನಡೆಯತೊಡಗಿತೋ ಆ ತಾಲ್ಲೂಕಿಗೆ ಮಾತ್ರ ಅಧಿಸೂಚನೆ ಹೊರಡುತ್ತಿತ್ತು. ಹೊಸದು ನಿಂತ ಮೇಲೆ ಹಳೆಯದನ್ನು ತೆಗೆ, ಅದಕ್ಕೆ ಮುಂಚೆ ಮುಟ್ಟಬೇಡ ಎಂಬುದು ಅದರ ಒಳತತ್ವ. ಆಗ 15 ರೂಪಾಯಿ ಕೊಟ್ಟು ಕಂಪ್ಯೂಟರ್ ಪಹಣಿ ಪಡೆದ ರೈತನಿಗೆ ಇದೊಂದೂ ಗೊತ್ತಾಗಬೇಕಿರಲಿಲ್ಲ, ಗೊತ್ತಾಗಲೂ ಇಲ್ಲ.

ಹಿರೇಕೆರೂರು, ರಾಣೆಬೆನ್ನೂರು ಕಡೆ ಬೀಜೋತ್ಪಾದನೆ ಮಾಡುವ ರೈತರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಹೊಸ ತಳಿ ಬಂತೆಂದು ಯಾರೂ ಇದ್ದ ಹೊಲವನ್ನೆಲ್ಲ ಅದಕ್ಕೇ ಬಿಟ್ಟುಕೊಡುವುದಿಲ್ಲ. ಒಂದು ಪಟ್ಟಿ ಬಿತ್ತಿ ನೋಡುತ್ತಾರೆ.

ಆಸ್ತಿ ನೋಂದಣಿಯ ‘ಕಾವೇರಿ 2.0’ ಕೂಡ 2023ರಲ್ಲಿ ಹೀಗೇ ಬಂತು. ಮೊದಲು ಕಲಬುರಗಿ ಜಿಲ್ಲೆಯ ಚಿಂಚೋಳಿಯ ಉಪನೋಂದಣಿ ಕಚೇರಿಯಲ್ಲಿ ನಡೆಸಿ ನೋಡಿ, ಆಮೇಲೆ ರಾಜ್ಯದ 250ಕ್ಕೂ ಹೆಚ್ಚು ಕಚೇರಿಗಳಿಗೆ ಕೆಲವೇ ತಿಂಗಳಲ್ಲಿ ಹಬ್ಬಿಸಿದರು. ಈ ವ್ಯವಸ್ಥೆಯಲ್ಲಿ ಕಾಗದಪತ್ರದ ವಿವರವನ್ನು ಮನೆಯಿಂದಲೇ ತುಂಬಬೇಕು, ಅಧಿಕಾರಿ ಪರಿಶೀಲಿಸಿದ ಮೇಲೆ ಆನ್‌ಲೈನಿನಲ್ಲಿ ಶುಲ್ಕ ಕಟ್ಟಿ ದಿನ, ಹೊತ್ತು ಗೊತ್ತುಮಾಡಿಕೊಳ್ಳಬೇಕು, ಕಚೇರಿಗೆ ಹೋಗುವುದು ಫೋಟೊ ಮತ್ತು ಹೆಬ್ಬೆಟ್ಟಿಗಷ್ಟೇ. ಇಷ್ಟು ದೊಡ್ಡ ಬದಲಾವಣೆಯನ್ನು ಎಲ್ಲ ಕಡೆ ಒಂದೇ ಸೋಮವಾರ ಬೆಳಿಗ್ಗೆ ತಂದಿದ್ದರೆ ಆ ವಾರ ನಾಡಿನಲ್ಲಿ ಒಂದು ಸೈಟೂ ಕೈ ಬದಲಾಗುತ್ತಿತ್ತೋ ಇಲ್ಲವೋ!

ಅದೇ ಸರ್ಕಾರಿ ವ್ಯವಸ್ಥೆ ಈ ಪಾಠವನ್ನು ಮರೆಯುವುದೂ ಉಂಟು. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ದಸರಾ ರಜೆಯಲ್ಲಿ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆಗೆ ಹೊರಟರು. ಸುಮಾರು 60 ಪ್ರಶ್ನೆಗಳ ಆ್ಯಪ್ ಅದು. ಬೃಹತ್ ಬೆಂಗಳೂರಿನಲ್ಲಿ ಮಾತ್ರ ಅಕ್ಟೋಬರ್ 4ಕ್ಕೆ ಶುರುವಾಯಿತು. ಉಳಿದ ನಾಡಿಗೆಲ್ಲ ಒಂದೇ ದಿನ. ಮೊದಲ ದಿನಗಳಲ್ಲಿ ಆ್ಯಪ್ ತೆರೆಯದು, ಓಟಿಪಿ ಬಾರದು, ವಿದ್ಯುತ್ ಮೀಟರಿನ ಮೇಲೆ ಅಂಟಿಸಿದ ಸಂಖ್ಯೆ ಹುಡುಕಿದರೆ ನಕ್ಷೆ ಬೇರೆಲ್ಲಿಗೋ ಕರೆದೊಯ್ಯುತ್ತದೆ ಎಂಬ ದೂರು ಹಲವು ಜಿಲ್ಲೆಗಳಿಂದ ಬಂತು. ದೋಷಗಳನ್ನು ಸರಿಪಡಿಸಿದರು, ನಿಜ. ಆದರೆ ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ದಿನ ಮೊದಲೇ ನಡೆಸಿದ್ದರೆ ಇವುಗಳಲ್ಲಿ ಹೆಚ್ಚಿನವು ಅಲ್ಲೇ ಸಿಕ್ಕಿಬೀಳುತ್ತಿದ್ದವು. ಬೈಸಿಕೊಂಡದ್ದು ಆ್ಯಪ್ ಬರೆದವರಲ್ಲ, ಬಿಸಿಲಲ್ಲಿ ಬಾಗಿಲು ಬಡಿದ ಮೇಷ್ಟ್ರು.

ನಿಧಾನವೇ ಕ್ಷೇಮವೇ?

ಇಷ್ಟು ಕೇಳಿದ ಅಧಿಕಾರಿಯೊಬ್ಬರು, ‘ಹಾಗಾದ್ರ ಅಪ್‌ಡೇಟ್ ವರ್ಷಕ್ಕೊಂದ ಸಲ ಸಾಕು ಬಿಡ್ರಿ’ ಎನ್ನಬಹುದು. ದೊಡ್ಡ ಅಪಾಯ ಇರುವುದು ಅಲ್ಲೇ. ವರ್ಷವಿಡೀ ಕೂಡಿಟ್ಟ ಇನ್ನೂರು ಬದಲಾವಣೆಗಳನ್ನು ಒಂದೇ ರಾತ್ರಿ ಹಾಕಿದರೆ, ಬೆಳಿಗ್ಗೆ ಕೆಟ್ಟಾಗ ಇನ್ನೂರರಲ್ಲಿ ಯಾವುದು ಕೆಡಿಸಿತೆಂದು ಹುಡುಕುವುದು ಹೇಗೆ? ಎರಡೇ ಬದಲಾವಣೆ ಹಾಕಿದ್ದರೆ ಅರ್ಧ ಗಂಟೆಯ ಕೆಲಸ. ಫೋಟೊ ಹಂಚಿಕೊಳ್ಳುವ ಫ್ಲಿಕರ್ ಸಂಸ್ಥೆಯ ಇಬ್ಬರು ಎಂಜಿನಿಯರುಗಳು 2009ರಲ್ಲಿ, ತಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಹೊಸ ಕೋಡ್ ಬಿಡುತ್ತೇವೆ ಎಂದಾಗ ಸಭೆ ಹುಬ್ಬೇರಿಸಿತ್ತು. 2018ರಲ್ಲಿ ಬಂದ ‘ಆ್ಯಕ್ಸಿಲರೇಟ್’ ಪುಸ್ತಕದಲ್ಲಿ ನಿಕೋಲ್ ಫಾರ್ಸ್‌ಗ್ರೆನ್ ಮತ್ತು ಸಂಗಡಿಗರು ಹಲವು ವರ್ಷಗಳ ಸಮೀಕ್ಷೆಯನ್ನು ಮುಂದಿಟ್ಟು ಹೇಳಿದ್ದೂ ಅದನ್ನೇ. ಹೆಚ್ಚು ಸಲ ಬಿಡುಗಡೆ ಮಾಡುವ ತಂಡಗಳಲ್ಲೇ ಕೆಡುವುದು ಕಡಿಮೆ, ಕೆಟ್ಟರೂ ಚೇತರಿಕೆ ಬೇಗ.

ತಡಮಾಡಿದರೆ ತೆರಬೇಕಾದ ಬೆಲೆ ಇನ್ನೊಂದಿದೆ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸಿನ ಒಂದು ಕಿಂಡಿಗೆ ತೇಪೆ ಕಳಿಸಿತು. ಹಲವರು ಅದನ್ನು ಹಾಕಿಕೊಳ್ಳಲಿಲ್ಲ. ಮೇ 12ರಂದು ಅದೇ ಕಿಂಡಿಯಿಂದ ವಾನಾಕ್ರೈ ಎಂಬ ಕುತಂತ್ರಾಂಶ ನುಗ್ಗಿ ಬ್ರಿಟನ್ನಿನ ಆಸ್ಪತ್ರೆಗಳಿಂದ ಹಿಡಿದು ಜಗತ್ತಿನ ಎಷ್ಟೋ ಕಡೆ ಕಂಪ್ಯೂಟರುಗಳನ್ನು ಒತ್ತೆ ಹಿಡಿಯಿತು. ನಮ್ಮ ಕಾವೇರಿ 2.0 ಕೂಡ 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಮುಗ್ಗರಿಸಿದಾಗ, ಹುಸಿ ಕೋರಿಕೆಗಳನ್ನು ಸುರಿದು ಸರ್ವರ್ ಉಸಿರುಗಟ್ಟಿಸಿದ ದಾಳಿಯೇ ಕಾರಣ ಎಂದು ಇಲಾಖೆ ಹೇಳಿತು. ಅಂಥ ಹೊತ್ತಿನಲ್ಲಿ ತಿದ್ದುಪಡಿ ಅಂದೇ ಹೋಗಬೇಕು. ಆರು ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡಿ ರೂಢಿಯಾದ ತಂಡಕ್ಕೆ ಒಂದು ದಿನದಲ್ಲಿ ಮಾಡುವುದು ಬರುವುದಿಲ್ಲ.

ಹಾಗೆಂದು ಬರೀ ವೇಗ ಸಾಲದು. 2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷ. ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿ ತನ್ನ ಗ್ರಾಹಕರ ವಿಂಡೋಸ್ ಯಂತ್ರಗಳಿಗೆ ಒಂದು ಚಿಕ್ಕ ಫೈಲ್ ಕಳಿಸಿತು. ಆ ಫೈಲು 21ನೇ ಮಾಹಿತಿಯನ್ನು ನೋಡು ಎನ್ನುತ್ತಿತ್ತು. ಯಂತ್ರದಲ್ಲಿ ಮೊದಲೇ ಕೂತಿದ್ದ ಕೋಡ್ ಕೊಡುತ್ತಿದ್ದುದು 20 ಮಾತ್ರ. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಯಂತ್ರ ನೀಲಿ ಪರದೆ ತೋರಿಸಿ ಬಿದ್ದಿತು. ಪರೀಕ್ಷಿಸಬೇಕಿದ್ದ ತಂತ್ರಾಂಶದಲ್ಲೇ ದೋಷವಿತ್ತು, ಹಾಗಾಗಿ ಅದು ಫೈಲನ್ನು ಪಾಸು ಮಾಡಿಬಿಟ್ಟಿತ್ತು. 10 ಗಂಟೆ 57 ನಿಮಿಷಕ್ಕೆ, ಅಂದರೆ 78 ನಿಮಿಷಗಳಲ್ಲಿ ಕಂಪನಿ ಫೈಲನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಮಲಗಿದ್ದವು. ಬಿದ್ದ ಯಂತ್ರ ಅಂತರ್ಜಾಲದಿಂದ ತಿದ್ದುಪಡಿ ಪಡೆಯುವ ಸ್ಥಿತಿಯಲ್ಲೂ ಇರಲಿಲ್ಲ, ಎಷ್ಟೋ ಕಡೆ ಒಂದೊಂದರ ಮುಂದೆಯೂ ಮನುಷ್ಯ ಹೋಗಿ ಕೂರಬೇಕಾಯಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಉದ್ದುದ್ದ ಸಾಲು. ದೇಶದ ಹಲವೆಡೆ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಈ ಬಗೆಯ ಫೈಲುಗಳನ್ನು ಇನ್ನು ಮುಂದೆ ಮೊದಲು ಕೆಲವರಿಗೆ, ಆಮೇಲೆ ಉಳಿದವರಿಗೆ ಕಳಿಸುತ್ತೇವೆ ಎಂದು ಕಂಪನಿ ಆಮೇಲೆ ಹೇಳಿತು. ಭೂಮಿಯವರು ಶತಮಾನ ತಿರುಗುವ ಹೊತ್ತಿಗೇ ಮಾಡಿದ್ದನ್ನು ಇವರು ಅಷ್ಟು ದೊಡ್ಡ ಪೆಟ್ಟು ತಿಂದು ಕಲಿತರು.

ಹಂತಹಂತದ ಬಿಡುಗಡೆಗೂ ಅದರದೇ ಮುಳ್ಳಿದೆ. ಕೆಲವು ಕಡೆ ಹೊಸದು, ಕೆಲವು ಕಡೆ ಹಳೆಯದು ಒಟ್ಟಿಗೆ ನಡೆಯುವಾಗ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯಬೇಕು. ಅಮೆರಿಕದ ಷೇರು ವಹಿವಾಟಿನ ನೈಟ್ ಕ್ಯಾಪಿಟಲ್ ಸಂಸ್ಥೆ 2012ರಲ್ಲಿ ಎಂಟು ಸರ್ವರುಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಏಳಕ್ಕೆ ಹಾಕಿ ಒಂದನ್ನು ಬಿಟ್ಟರು. ಹೊಸ ಕೋಡಿಗೆ ಅವರು ಬಳಸಿದ ಗುರುತು, ಎಂದೋ ಬಳಕೆ ತಪ್ಪಿದ್ದ ಹಳೆಯ ಕೋಡನ್ನು ಎಬ್ಬಿಸುವ ಗುರುತೂ ಆಗಿತ್ತು. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಎಂಟನೆಯ ಸರ್ವರ್ ಹುಚ್ಚೆದ್ದು ಷೇರು ಕೊಳ್ಳುವ, ಮಾರುವ ಆದೇಶಗಳನ್ನು ಕಳಿಸತೊಡಗಿತು. ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಮಿಕ್ಕಿ ನಷ್ಟ. ಕಂಪನಿಯೇ ಬೇರೆಯವರ ಪಾಲಾಯಿತು.

ಹೊಲದ ನಡುವೆ ನಿಂತ ಫೋನು

ಇದೆಲ್ಲ ಷೇರುಪೇಟೆ, ವಿಮಾನ ನಿಲ್ದಾಣದವರ ಚಿಂತೆ ಎನ್ನುವವರು ರೈತರ ಬೆಳೆ ಸಮೀಕ್ಷೆ ಆ್ಯಪ್ ನೋಡಬೇಕು. 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ವಿವರ ದಾಖಲಿಸಲು ಅವಕಾಶವಾಗಿದೆ. ಪ್ಲೇ ಸ್ಟೋರಿನಲ್ಲಿ ಹಂಗಾಮು ಮತ್ತು ವರ್ಷದ ಹೆಸರು ಹೊತ್ತ ಹೊಸ ಆ್ಯಪ್ ಬರುತ್ತದೆ. ಹೋದ ವರ್ಷದ್ದು ಈ ವರ್ಷಕ್ಕಾಗದು. ಆಧಾರ್, ಓಟಿಪಿ ಕೊಟ್ಟು ಒಳಗೆ ಹೋಗಿ, ಸರ್ವೆ ನಂಬರ್ ಸೇರಿಸಿ, ಹೊಲದ ನಕ್ಷೆ ಇಳಿಸಿಕೊಂಡು, ಆ ಹೊಲದ ಗಡಿಯೊಳಗೇ ನಿಂತು ಬೆಳೆ ಯಾವುದು, ನೀರಾವರಿಯೋ ಮಳೆಯಾಶ್ರಿತವೋ ಎಂದು ತುಂಬಿ ಫೋಟೊ ಹೊಡೆಯಬೇಕು. ಹೊಲದಲ್ಲಿ ಸಿಗ್ನಲ್ ಇಲ್ಲದಿದ್ದರೆ ವಿವರ ಫೋನಿನಲ್ಲೇ ಕೂತಿರುತ್ತದೆ. ಊರಿಗೆ ಬಂದ ಮೇಲೆ ಅಪ್‌ಲೋಡ್. ರೈತರಿಗೆ ಆಗದಿದ್ದರೆ ಊರಿನ ಖಾಸಗಿ ನಿವಾಸಿಗಳು, ಅಂದರೆ ಜನರು ‘ಪಿಆರ್’ ಎಂದು ಕರೆಯುವ ಹುಡುಗರು ಮಾಡುತ್ತಾರೆ.

ಈ ಫೋಟೊದ ಹಿಂದೆ ದುಡ್ಡಿದೆ. ಬೆಳೆ ವಿಮೆ, ಬೆಳೆ ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಸಮೀಕ್ಷೆಯ ದಾಖಲೆ ನೋಡುತ್ತಾರೆ. ವಿಮೆ ಮಾಡಿಸಿದ್ದು ಗೋವಿನಜೋಳಕ್ಕೆ, ಸಮೀಕ್ಷೆಯಲ್ಲಿ ಬಿದ್ದದ್ದು ಸೋಯಾ ಎಂದಾದರೆ ಅರ್ಜಿ ತಿರಸ್ಕಾರವಾಗುತ್ತದೆ. ಅಂಥ ಆ್ಯಪ್‌ನ ಹೊಸ ಆವೃತ್ತಿ ಹಂಗಾಮಿನ ನಡುವೆ ಬಂದು, ಹಳೆಯದನ್ನು ಆ ಕ್ಷಣದಿಂದಲೇ ನಿರಾಕರಿಸಿದರೆ ಇನ್ನೂ ಅಪ್‌ಲೋಡ್ ಆಗದ ಫೋಟೊಗಳ ಗತಿಯೇನು? ಜಾಣ ತಂಡ ಹಳೆಯ ಆವೃತ್ತಿಯಿಂದ ಬರುವ ಮಾಹಿತಿಯನ್ನೂ ಕೆಲವು ವಾರ ಸ್ವೀಕರಿಸುತ್ತದೆ.

ಪ್ಲೇ ಸ್ಟೋರಿನಲ್ಲೇ ಒಂದು ಸೌಲಭ್ಯವಿದೆ. ಹೊಸ ಆವೃತ್ತಿಯನ್ನು ಮೊದಲು ಶೇ 5 ಫೋನುಗಳಿಗೆ, ಆಮೇಲೆ ಶೇ 20ಕ್ಕೆ ಎಂದು ಬಿಡಬಹುದು, ತೊಂದರೆ ಕಂಡರೆ ಅಲ್ಲಿಗೇ ನಿಲ್ಲಿಸಬಹುದು. ಆದರೆ ಒಮ್ಮೆ ಫೋನಿಗೆ ಇಳಿದದ್ದನ್ನು ಹಿಂದಕ್ಕೆ ಎಳೆದುಕೊಳ್ಳಲಾಗದು. ತಿದ್ದಿ ಮತ್ತೊಂದು ಆವೃತ್ತಿಯನ್ನೇ ಕಳಿಸಬೇಕು. ಹಾಗಾಗಿ ಅನುಭವಿಗಳು ಇನ್ನೊಂದು ಉಪಾಯ ಮಾಡುತ್ತಾರೆ. ಹೊಸ ಸೌಲಭ್ಯವನ್ನು ಆ್ಯಪ್‌ನೊಳಗೆ ಮಲಗಿಸಿ ಕಳಿಸಿ, ಅದನ್ನು ಎಬ್ಬಿಸುವ ಸ್ವಿಚ್ಚನ್ನು ಸರ್ವರಿನಲ್ಲಿ ಇಟ್ಟುಕೊಳ್ಳುತ್ತಾರೆ. ಈ ತಾಲ್ಲೂಕಿನ ಸಂಕೇತ ಬಂದರೆ ಹೊಸದು ತೋರಿಸು, ಉಳಿದವರಿಗೆ ಹಳೆಯದು. ಕೆಟ್ಟರೆ ಸ್ವಿಚ್ ಆರಿಸಿದರಾಯಿತು, ಯಾರೂ ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ.

ಕೋಡನ್ನು ಹೀಗೆ ಹಿಂದಕ್ಕೆ ತರಬಹುದು. ದಾಖಲೆಯನ್ನು ಮಾತ್ರ ಅಷ್ಟು ಸುಲಭವಾಗಿ ತರಲಾಗದು. ತಂದೆ ತೀರಿಕೊಂಡ ಮೇಲೆ ಮೂವರು ಮಕ್ಕಳ ಹೆಸರಿಗೆ ವಾರಸಾ ಆಗಬೇಕು ಎನ್ನಿ. ಹೊಸ ಸಾಫ್ಟ್‌ವೇರ್ ಮೂರನೆಯ ಹೆಸರನ್ನು ಬೇರೆ ಅಂಕಣದಲ್ಲಿ ಬರೆಯಿತು, ಮರುದಿನ ಹಳೆಯದಕ್ಕೆ ಮರಳಿದರು. ಹಳೆಯದಕ್ಕೆ ಆ ಅಂಕಣ ಗೊತ್ತೇ ಇಲ್ಲ. ಉತಾರದಲ್ಲಿ ಎರಡೇ ಹೆಸರು! ಕಿರಿಯವಳು ತಹಶೀಲ್ದಾರ್ ಕಚೇರಿಗೆ ಅಲೆಯಬೇಕು. ಇದನ್ನು ತಪ್ಪಿಸಲು ಮೊದಲು ಹೊಸ ಅಂಕಣ ಸೇರಿಸಿ, ಕೆಲಕಾಲ ಎರಡೂ ಕಡೆ ಬರೆಸಿ, ಎರಡೂ ತಾಳೆಯಾಗುವುದನ್ನು ನೋಡಿ, ತಿಂಗಳ ನಂತರ ಹಳೆಯ ಅಂಕಣ ತೆಗೆಯುವುದು ಕ್ರಮ. ಬೇಸರದ ಕೆಲಸ. ಒಳ್ಳೆಯ ಎಂಜಿನಿಯರಿಂಗಿನ ಬಹುಪಾಲು ಇಂಥ ಬೇಸರದ ಕೆಲಸವೇ.

ಅಪ್‌ಡೇಟೇ ಇಲ್ಲದ ಸಾಫ್ಟ್‌ವೇರ್ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. 2024ರ ನವೆಂಬರ್ 13ರಂದು ಶಿಗ್ಗಾವಿ ಉಪಚುನಾವಣೆಯಲ್ಲಿ ಬಳಕೆಯಾದ ಮತಯಂತ್ರದ ಚಿಪ್‌ನಲ್ಲಿ ಕೋಡನ್ನು ಒಮ್ಮೆ ಮಾತ್ರ ಬರೆಯಬಹುದು, ಮತ್ತೆ ತಿದ್ದಲಾಗದು. ಹಾಗಾಗಿ ಅಲ್ಲಿ ಭಾರವೆಲ್ಲ ಪರೀಕ್ಷೆಯ ಮೇಲೆ. ಮತದಾನಕ್ಕೆ ಮುನ್ನ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿ, ವಿವಿಪ್ಯಾಟ್ ಚೀಟಿಗಳೊಂದಿಗೆ ತಾಳೆ ನೋಡಿ, ಅಳಿಸಿ, ಆಮೇಲೆ ಮೊದಲ ಮತದಾರ. ಚುನಾವಣೆಗೆ ಇದು ಸರಿ. ಪಹಣಿಗೆ, ವಿಮೆಗೆ ಆಗದು. ಅಲ್ಲಿ ನಿಯಮವೇ ವರ್ಷವರ್ಷ ಬದಲಾಗುತ್ತದೆ.

ದಿನ ಆರಿಸುವುದೂ ಈ ವಿದ್ಯೆಯ ಭಾಗ. ಶುಕ್ರವಾರ ಸಂಜೆ ದೊಡ್ಡ ಬದಲಾವಣೆ ಬೇಡ, ಕೆಟ್ಟರೆ ನೋಡುವವರು ಶನಿವಾರ ಇರುವುದಿಲ್ಲ ಎಂಬುದು ಬೆಂಗಳೂರಿನ ಕಂಪನಿಗಳ ರೂಢಿಮಾತು. ಹಾವೇರಿ ಜಿಲ್ಲೆಗೆ ಬೇರೆಯೇ ಪಂಚಾಂಗ ಬೇಕು. ಬೆಳೆ ವಿಮೆಯ ಗಡುವು ಸಾಮಾನ್ಯವಾಗಿ ಜುಲೈ ಕೊನೆಗೆ ಬೀಳುತ್ತದೆ. ಆ ತಿಂಗಳು ಪಹಣಿ, ಆಧಾರ್, ಬ್ಯಾಂಕುಗಳಿಗೆ ಸಂಬಂಧಿಸಿದ ಯಾವುದನ್ನೂ ಮುಟ್ಟಬಾರದು. ಶಾಲೆ ಕಾಲೇಜು ಸೇರುವ ದಿನಗಳಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಸಾಫ್ಟ್‌ವೇರಿಗೂ ಅದೇ ಮಾತು. ಸಿಬ್ಬಂದಿಗೆ ಮೊದಲೇ ತಿಳಿಸುವುದಂತೂ ಕನಿಷ್ಠ ಸೌಜನ್ಯ. ಪರದೆ ಯಾಕೆ ಬೇರೆ ಥರ ಕಾಣುತ್ತಿದೆ ಎಂದು ಕಿಟಕಿಯ ಹಿಂದೆ ಕೂತವರಿಗೇ ಗೊತ್ತಿಲ್ಲದಿದ್ದರೆ ಅವರು ಹೇಳುವುದು ಒಂದೇ: ಸರ್ವರ್ ಇಲ್ಲ.

ಯಾವ ಊರಿನಲ್ಲಿ ಮೊದಲು ಎಂಬುದನ್ನೂ ಯೋಚಿಸಿ ತೀರ್ಮಾನಿಸಬೇಕು. ಎಲ್ಲವೂ ಸರಿಯಿರುವ ಕಡೆ ಪ್ರಯೋಗ ಮಾಡಿ ಗೆದ್ದೆವು ಎಂದರೆ ಅದು ಗೆಲುವಲ್ಲ. ನಾನಾದರೆ ಆರಂಭದಲ್ಲಿ ಹೆಸರಿಸಿದ ನಾಲ್ಕನ್ನೇ ಆರಿಸುತ್ತೇನೆ. ಶಿಗ್ಗಾವಿ ಹುಬ್ಬಳ್ಳಿಗೆ ಹತ್ತಿರ, ಹೆದ್ದಾರಿಯ ಮೇಲಿದೆ. ಅಲ್ಲೂ ನಡೆಯದ ಆ್ಯಪ್ ಎಲ್ಲೂ ನಡೆಯದು. ಹಾನಗಲ್ಲಿನ ಪಶ್ಚಿಮ ಭಾಗ ಅರೆಮಲೆನಾಡು, ಮುಂಡಗೋಡದ ಕಾಡಿಗೆ ತಾಗಿದೆ. ಭತ್ತ, ಮಾವು ಅಕ್ಕಪಕ್ಕದಲ್ಲೇ ಇರುವ ಹೊಲಗಳು, ಮರದ ನೆರಳಲ್ಲಿ ತಡವರಿಸುವ ಜಿಪಿಎಸ್. ನವಾಬರಾಳಿದ ಸವಣೂರಿನಲ್ಲಿ ಒಂದೇ ಹೆಸರು ಉತಾರದಲ್ಲಿ ‘ಹುಸೇನಸಾಬ’, ಆಧಾರಿನಲ್ಲಿ ‘ಹುಸೇನ್ ಸಾಹೇಬ್’ ಎಂದಿರುತ್ತದೆ. ಹೆಸರು ತಾಳೆ ನೋಡುವ ಯಾವುದೇ ಸಾಫ್ಟ್‌ವೇರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಡ. ಹಿರೇಕೆರೂರಿನದು ತಾಲ್ಲೂಕು ಒಡೆದ ಕಥೆ. ಹಳೆಯ ಕಾಗದದಲ್ಲಿ ಹಿರೇಕೆರೂರು, ಹೊಸದರಲ್ಲಿ ರಟ್ಟೀಹಳ್ಳಿ ಎಂದಿರುವ ಹಳ್ಳಿಯನ್ನು ಸಾಫ್ಟ್‌ವೇರ್ ಒಂದೇ ಎಂದು ಗುರುತಿಸುತ್ತದೆಯೇ ಎಂಬುದು ಅಲ್ಲೇ ಬಯಲಾಗುತ್ತದೆ. ನಾಲ್ಕೂ ಕಡೆ ಒಂದು ವಾರ ಸುಸೂತ್ರವಾಗಿ ನಡೆದದ್ದು ಬೀದರಿನಲ್ಲೂ ಚಾಮರಾಜನಗರದಲ್ಲೂ ನಡೆಯುವ ಸಾಧ್ಯತೆ ಹೆಚ್ಚು.

ಮುಂದಿನ ಹಂಗಾಮಿನ ಆ್ಯಪ್ ಸಿದ್ಧಪಡಿಸುತ್ತಿರುವವರಲ್ಲಿ ಒಂದು ಕೋರಿಕೆ. ಉದ್ಘಾಟನೆಯ ದಿನ ಗೊತ್ತುಮಾಡುವ ಮುನ್ನ ನಾಲ್ಕು ತಾಲ್ಲೂಕು ಗೊತ್ತುಮಾಡಿ, ಅಲ್ಲಿಗೆ ಒಬ್ಬ ಎಂಜಿನಿಯರನ್ನು ಬಸ್ಸಿನಲ್ಲಿ ಕಳಿಸಿ, ಕಿಟಕಿಯ ಒಳಗಲ್ಲ, ಹೊರಗಿನ ಸಾಲಿನಲ್ಲಿ ಒಂದು ದಿನ ನಿಲ್ಲಿಸಿ. ಓದುಗರಿಗೂ ಒಂದು ಮಾತು: ಅಪ್‌ಡೇಟ್ ಬಂದಾಗ ಫೋನಿನಲ್ಲಿ ಕೂತಿರುವ ಬೆಳೆ ಫೋಟೊಗಳನ್ನು ಮೊದಲು ಅಪ್‌ಲೋಡ್ ಮಾಡಿ, ಆಮೇಲೆ ತಡಮಾಡದೆ ಅಪ್‌ಡೇಟ್ ಒತ್ತಿ, ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ಬಿದ್ದಿದೆ ನೋಡಿಕೊಳ್ಳಿ. ತಪ್ಪಿದ್ದರೆ ಆಕ್ಷೇಪಣೆಯನ್ನು ಅವಧಿ ಮುಗಿಯುವ ಮೊದಲೇ ಸಲ್ಲಿಸಿ.